ಯಾರದೂ ಅಲ್ಲದ ನಾಯಿ

ಶಹರಬಾನುವಿನ ಕಾಲಿಗೆ ಚಕ್ರ ಕಟ್ಟಿದೆ ಎಂದು ಚೊಳಚಗುಡ್ಡದ ಹೆಂಗಸರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಗಿನ ಚಹಾವನ್ನು ಕೂಡ ಆಕೆ ಕೂತು ಕುಡಿದವಳಲ್ಲ. ಒಂದು ಗುಟುಕು ಒಲೆಯ ಮುಂದೆ, ಒಂದು ಗುಟುಕು ಅಂಗಳದಲ್ಲಿ, ಕೊನೆಯದು ಬೀದಿ ಬಾಗಿಲಲ್ಲಿ. ಗುಳೇದಗುಡ್ಡದ ನೇಕಾರರ ಮನೆಗಳಿಂದ ಕುಪ್ಪಸದ ಖಣ ತಂದು, ಗಂಟು ಕಟ್ಟಿ ಹೆಗಲಿಗೇರಿಸಿ ಹಳ್ಳಿ ಹಳ್ಳಿ ತಿರುಗುವುದು ಆಕೆಯ ಕಸುಬು. ಬಾದಾಮಿಯ ಸುತ್ತಿನ ಊರುಗಳು, ಹೊಳೆಯಾಚೆಯ ಊರುಗಳು, ಅತ್ತ ಹುನಗುಂದದವರೆಗೂ ಆಕೆಯನ್ನು 'ಖಣದ ಬಾನಕ್ಕ' ಎಂದೇ ಕರೆಯುತ್ತಿದ್ದರು. ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟರೆ ನಿಂತೇ ಕುಡಿದು, "ಬರ್ತೇನ್ರೆವ್ವಾ, ಇನ್ನೂ ನಾಕ ಓಣಿ ಅದಾವು" ಎಂದು ಹೊರಟುಬಿಡುವಳು.

ಆಕೆಯ ತಾಯಿ ಕಾಸಿಂಬಿಗೆ ಮಗಳ ಈ ತಿರುಗಾಟ ಯಾಕೆಂದು ಗೊತ್ತಿತ್ತು. ಅವರು ನದಾಫರು. ಕಾಸಿಂಬಿಯ ಗಂಡ ಬದುಕಿರುವವರೆಗೆ ಹತ್ತಿ ಹಿಂಜಿ, ಗಾದಿ ಹೊಲಿದು ಸಂಸಾರ ಸಾಕಿದ. ಇದ್ದೊಬ್ಬ ಮಗಳನ್ನು ಇಳಕಲ್ಲಿಗೆ, ನವೀದ ಎಂಬ ನೇಕಾರ ಹುಡುಗನಿಗೆ ಕೊಟ್ಟಿದ್ದ. ಮದುವೆಯಾಗಿ ಎರಡು ವರ್ಷಕ್ಕೆ ನವೀದ ಪವರ್‌ಲೂಮಿನ ಕೆಲಸಕ್ಕೆಂದು ಇಚಲಕರಂಜಿಗೆ ಹೋದ. ಮೊದಲ ರಮಜಾನಿಗೆ ಬಂದ. ಮುಂದಿನ ರಮಜಾನಿಗೆ ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದ. ಆಮೇಲೆ ಅದೂ ಇಲ್ಲ. ಕರೆದುಕೊಳ್ಳಲೂ ಇಲ್ಲ, ಬಿಟ್ಟೆ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ಅತ್ತೆಯ ಮನೆಯಲ್ಲಿ ಆಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬಂತಾದಾಗ ಶಹರಬಾನು ಒಂದು ಬೆಳಿಗ್ಗೆ ಬಟ್ಟೆಬರೆ ಕಟ್ಟಿಕೊಂಡು ತವರಿಗೆ ಬಂದಳು. ಬಂದವಳು ಮನೆಯಲ್ಲಿ ನಿಲ್ಲಲಿಲ್ಲ. ನಿಂತರೆ ಜನ ಕೇಳುತ್ತಾರೆ. ನಡೆಯುತ್ತಿರುವವಳನ್ನು ಯಾರೂ ಬಹಳ ಹೊತ್ತು ಕೇಳಲಾರರು.

ಇದು ಎರಡು ಸಾವಿರದ ಇಸವಿಯ ಮಾತು. ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಒಂದು ಬುಧವಾರ ಕಿರಾಣಿ ಅಂಗಡಿಯ ಫೋನಿಗೆ ಇಳಕಲ್ಲಿಂದ ಕರೆ ಬಂತು. ಮಾತಾಡಿದವಳು ನವೀದನ ಅಣ್ಣನ ಹೆಂಡತಿ ಶಮಶಾದಬಿ. ಆ ಮನೆಯಲ್ಲಿ ಶಹರಬಾನುವಿನ ಬಗ್ಗೆ ಕರುಳಿದ್ದವಳು ಅವಳೊಬ್ಬಳೇ.

"ಬಾನು, ನವೀದ ಬಂದಾನ. ಶುಕ್ರವಾರ ನಮಾಜ ಮುಗಿಸಿ ಹೋಗ್ತಾನಂತ. ನಾ ಹೇಳೀನಂತ ಹೇಳಬ್ಯಾಡ ಮತ್ತ."

ಅಷ್ಟೇ. ಫೋನು ಕಟ್ಟಾಯಿತು.

ಆ ರಾತ್ರಿ ಶಹರಬಾನು ಕಣ್ಣು ಮುಚ್ಚಿದ್ದೇ ಕಡಿಮೆ. ತಾಯಿಗೆ ಹೇಳಲಿಲ್ಲ. ಹೇಳಿದರೆ ಅಳುತ್ತಾಳೆ, ಇಲ್ಲವೆ ಜೊತೆಗೆ ಬರುತ್ತೇನೆಂದು ಹಟ ಹಿಡಿಯುತ್ತಾಳೆ. ಬೆಳಗಾದ ಕೂಡಲೆ ಪೆಟ್ಟಿಗೆಯಲ್ಲಿದ್ದ ಹಸಿರು ಇಳಕಲ್ ಸೀರೆ ಉಟ್ಟು, ಖಣದ ಗಂಟು ಹೆಗಲಿಗೇರಿಸಿ, "ಶಿವಯೋಗ ಮಂದಿರದ ಕಡಿ ಹೋಗಿ ಬರ್ತೇನಿ" ಎಂದಳು. ಕಾಸಿಂಬಿ ಸೀರೆಯನ್ನು ನೋಡಿದಳು, ಮಗಳ ಮುಖ ನೋಡಿದಳು. ಬಾದಾಮಿ ಸ್ಟ್ಯಾಂಡಿಗೆ ಹೋದರೆ ಪರಿಚಯದವರು ನೂರು ಮಂದಿ ಸಿಗುತ್ತಾರೆ. ಅದಕ್ಕೇ ಹೊಲದ ದಾರಿ ಹಿಡಿದು ಶಿವಯೋಗ ಮಂದಿರದ ಹತ್ತಿರ ರಸ್ತೆಗೆ ಬಿದ್ದು, ಪಟ್ಟದಕಲ್ಲಿನ ಮೇಲೆ ಹುನಗುಂದಕ್ಕೆ ಹೋಗುವ ಬಸ್ಸು ಹಿಡಿಯುವುದು ಆಕೆಯ ಲೆಕ್ಕ. ಹುನಗುಂದ ಮುಟ್ಟಿದರೆ ಇಳಕಲ್ಲು ಎಷ್ಟರ ದೂರ!

ಹೋಗಿ ಏನು ಕೇಳಬೇಕು? ಇದನ್ನೇ ತಿರುವಿ ಮುರುವಿ ಹಾಕುತ್ತ ಆಕೆ ನಡೆದಳು. 'ನನ್ನ ಏನ ಮಾಡಬೇಕಂತ ಮಾಡೀರಿ?' ಎಂದು ಕೇಳಬೇಕೆ? ಬರಿದೆ ಬಾಗಿಲಲ್ಲಿ ನಿಲ್ಲಬೇಕೆ? ಮಲಪ್ರಭೆಯ ದಂಡೆಯ ಗೋವಿನಜೋಳದ ಹೊಲಗಳು ಆಳೆತ್ತರ ಬೆಳೆದಿದ್ದವು. ಆ ವರ್ಷ ಕಾಡುಹಂದಿಗಳ ಕಾಟ ಬಹಳವಾಗಿತ್ತು. ಎಲ್ಲ ಹೊಲಗಳಿಗೂ ಜಾಲಿಮುಳ್ಳಿನ ಬೇಲಿ ಬಿದ್ದಿತ್ತು. ಆ ಬೇಲಿಗಳ ನಡುವಿನ ಕಾಲುದಾರಿಯಲ್ಲಿ ಹೋಗುತ್ತಿದ್ದಾಗಲೇ ಆಕೆಗೆ ಆ ದನಿ ಕೇಳಿಸಿತು.

ಮೊದಲು ಕೂಸು ಎಂದುಕೊಂಡಳು. ಸಣ್ಣಗೆ ಎಳೆದು ಎಳೆದು ಅಳುವ ದನಿ. ಬೇಲಿಯ ಬುಡದಲ್ಲಿ ಹಂದಿಗಳು ನುಸುಳಿ ಮಾಡಿದ್ದ ಕಂಡಿಯೊಂದಿತ್ತು. ಬಗ್ಗಿ ನೋಡಿದರೆ ಒಂದು ನಾಯಿ. ಉದ್ದ ಮೂತಿ, ಒಳಸೇರಿದ ಹೊಟ್ಟೆ, ಕಡ್ಡಿಯಂಥ ಕಾಲು. ಮುಧೋಳದ ಕಡೆಯ ಬೇಟೆನಾಯಿ. ಕಂಡಿಗೆ ಅಡ್ಡಲಾಗಿ ಹಂದಿಗೆಂದು ಒಡ್ಡಿದ್ದ ಕಬ್ಬಿಣದ ಕತ್ತರಿಬೋನಿನಲ್ಲಿ ಸಿಕ್ಕಿತ್ತು. ದಪ್ಪ ಸರಳಿನ ಎರಡು ಚೌಕಟ್ಟುಗಳು ಒಂದನ್ನೊಂದು ಹಾಯ್ದು ಮುಚ್ಚಿಕೊಂಡು, ಪಕ್ಕೆಲುಬಿನ ಹಿಂದೆ ನಾಯಿಯ ನಡುವನ್ನು ಅಪ್ಪಿ ಹಿಡಿದಿದ್ದವು. ಎರಡೂ ಬದಿಗೆ ಇಕ್ಕಳದ ಹಾಗೆ ಬಾಗಿದ ದೊಡ್ಡ ಸ್ಪ್ರಿಂಗುಗಳು. ಇಡೀ ಕತ್ತರಿಯನ್ನು ಜಾಲಿಯ ಬೊಡ್ಡೆಗೆ ಸರಪಳಿಯಿಂದ ಬಿಗಿದಿದ್ದರು. ನಾಯಿ ಮುಂಗಾಲಿನಿಂದ ನೆಲ ಕೆರೆದು ಕೆರೆದು ಸುತ್ತಲಿನ ಮಣ್ಣನ್ನೆಲ್ಲ ಬಗೆದುಹಾಕಿತ್ತು.

ಶಹರಬಾನುವಿಗೆ ನಾಯಿ ಎಂದರೆ ಮೈ ನಡುಗುತ್ತಿತ್ತು. ಚಿಕ್ಕವಳಿದ್ದಾಗ ಹುಚ್ಚುನಾಯಿ ಕಚ್ಚಿ, ಹೊಕ್ಕಳ ಸುತ್ತ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದಳು. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ನಾಯಿ ಹಲ್ಲು ಬಿಟ್ಟಿತು, ಮತ್ತೆ ಹಾಗೇ ಮುಚ್ಚಿತು. ಗುರ್ ಎನ್ನಲೂ ಉಸಿರಿರಲಿಲ್ಲ.

"ಯಾ ಅಲ್ಲಾ, ಯಾರದೋ ಏನೋ" ಎಂದು ಗಂಟು ಸರಿಮಾಡಿಕೊಂಡು ನಡೆದಳು. ಬಸ್ಸಿನ ಹೊತ್ತಾಗುತ್ತಿತ್ತು. ಬೇಲಿಯ ತಿರುವು ದಾಟಿದಳು. ದನಿ ಹಿಂದೆಯೇ ಬಂತು. ನಿಂತಳು. ಮತ್ತೆ ನಡೆದಳು. ಹೊಲ ದಾಟಿದ ಮೇಲೆ ದನಿ ಕೇಳಿಸಲಿಲ್ಲ, ಆದರೆ ಕೇಳಿಸದೆ ಇದ್ದದ್ದರಿಂದಲೇ ಹೆಚ್ಚು ತಳಮಳವಾಯಿತು. ಸತ್ತಿತೋ, ಇನ್ನೂ ಇದೆಯೋ? ಆಕೆ ತನಗೇ ಬೈದುಕೊಳ್ಳುತ್ತ ತಿರುಗಿ ಓಡಿ ಬಂದಳು. ನಾಯಿ ಕಣ್ಣು ತೆರೆದು ನೋಡಿತು.

ಹೊಲದ ನಡುವೆ ಪಂಪ್‌ಸೆಟ್ಟಿನ ಗುಡಿಸಲ ಮುಂದೆ ಒಬ್ಬ ಮುದುಕ ಬೀಡಿ ಸೇದುತ್ತ ಕೂತಿದ್ದ. ಹೊಲದ ಧಣಿ, ನೆರೆಯೂರಿನ ಬಾಬಣ್ಣ. ಆತನ ಸೊಸೆಗೆ ಶಹರಬಾನು ಖಣ ಕೊಟ್ಟಿದ್ದಳು, ಹಾಗಾಗಿ ಪರಿಚಯ.

"ಕಾಕಾ, ನಿಮ್ಮ ಬೇಲ್ಯಾಗ ನಾಯಿ ಸಿಕ್ಕೈತ್ರಿ. ಲಗೂ ಬರ್ರಿ."

ಬಾಬಣ್ಣ ಬೀಡಿ ಕೆಳಗಿಳಿಸಲಿಲ್ಲ. "ಯಾವ ಬೇಲಿ?"

"ಅದರಿ, ಹಂದಿ ಕಂಡ್ಯಾಗ. ಕತ್ರಿ ಇಟ್ಟೀರಲ್ಲ."

"ನಾ ಯಾವ ಕತ್ರೀನೂ ಇಟ್ಟಿಲ್ಲ. ಯಾರಿಟ್ಟಾರೋ ಏನೋ. ಫಾರೆಸ್ಟನವರು ಮೊನ್ನೆರ ಬಂದು ಹೋಗ್ಯಾರ. ನೀ ನಿನ್ನ ಹಾದಿ ಹಿಡದ ಹೋಗ ತಂಗಿ, ಇಲ್ಲದ್ದ ತೆಲಿ ಮ್ಯಾಲ ತಗೋಬ್ಯಾಡ."

"ಸಾಯಾಕತ್ತೈತ್ರಿ ಅದು!"

"ಇಟ್ಟಾವ ಬರ್ತಾನ, ಬಿಡಸ್ತಾನ."

ಶಹರಬಾನು ಅಲ್ಲೇ ಅತ್ತಿತ್ತ ಸುಳಿದಾಡಿದಳು. ಗುಡಿಸಲ ಗೋಡೆಗೆ ಎತ್ತಿನ ಹಗ್ಗ ನೇತಾಡುತ್ತಿತ್ತು. "ಹೋಗ್ಲಿ, ಅದನ್ನ ಬಿಚ್ಚೋದರ ಹೆಂಗರಿ?"

"ನನಗ ಹೆಂಗ ಗೊತ್ತು?" ಎಂದ ಬಾಬಣ್ಣ. ಆಮೇಲೆ ಬೀಡಿ ಎಸೆದು ಗೊಣಗಿದ: "ಎರಡೂ ಕಡಿ ಸ್ಪ್ರಿಂಗ್ ಒತ್ತಬೇಕಾಗ್ತೈತಿ. ಬರೇ ಕೈಲೆ ಗಂಡಸರ ಕೈಲೂ ಆಗಂಗಿಲ್ಲ. ಸ್ಪ್ರಿಂಗಿನ ತುದಿಗೆ ಎರಡು ಕಣ್ಣು ಇರ್ತಾವ. ಎರಡರಾಗೂ ಹಗ್ಗ ಪೋಣಿಸಿ, ಒಂದ ತುದಿ ಕಾಲಾಗ ಸಿಗಸ್ಕೊಂಡು ಇನ್ನೊಂದು ತುದಿ ಮ್ಯಾಲ ಜಗ್ಗಬೇಕು. ಕಣ್ಣು ಕೂಡಿದ್ವು ಅಂದ್ರ ಬಿಗಿ ಸಡ್ಲ ಆಗ್ತೈತಿ."

ಶಹರಬಾನು ಆತನ ಮುಖವನ್ನೇ ನೋಡಿದಳು. ಬಾಬಣ್ಣ ಬೇರೆ ಕಡೆ ನೋಡಿದ. ಆಕೆ ಗೋಡೆಯ ಹಗ್ಗ ಕಿತ್ತುಕೊಂಡು ಓಡಿದಳು.

ಮೊದಲು ನಾಯಿಯ ಬಾಯಿ ಕಟ್ಟಬೇಕಿತ್ತು. ಗಂಟು ಬಿಚ್ಚಿ ಕೈಗೆ ಸಿಕ್ಕ ಖಣ ಎಳೆದಳು; ಕೆಂಪು ಅಂಚಿನ ಕರಿ ಖಣ, ಯಾರೋ ಬಾಣಂತಿಗೆಂದು ಹೇಳಿ ತರಿಸಿದ್ದು. ದೂರದಿಂದಲೇ ಮೂತಿಯ ಮೇಲೆ ಬೀಸಿದಳು, ಬೀಳಲಿಲ್ಲ. ಮತ್ತೆ ಬೀಸಿದಳು. ಕೊನೆಗೆ "ಬಿಸ್ಮಿಲ್ಲಾ" ಎಂದು ಮೊಣಕಾಲೂರಿ ಹತ್ತಿರ ಸರಿದು, ಮೂತಿಗೆ ಎರಡು ಸುತ್ತು ಸುತ್ತಿ ಕಿವಿಯ ಹಿಂದೆ ಗಂಟು ಹಾಕಿದಳು. ಕಚ್ಚಬಹುದಾಗಿದ್ದ ನಾಯಿ ಕಚ್ಚಲಿಲ್ಲ. ಆಕೆಯ ಮೊಣಕೈಯ ಮೇಲೆ ತಲೆ ಊರಿತು. ಇನ್ನೊಂದು ಖಣವನ್ನು ಅದರ ಕಣ್ಣಿನ ಮೇಲೆ ಹೊದಿಸಿದಳು.

ಹಗ್ಗ ಪೋಣಿಸುವುದು ಹೇಳಿದಷ್ಟು ಸುಲಭವಿರಲಿಲ್ಲ. ಒಂದು ಬದಿಯ ಸ್ಪ್ರಿಂಗು ಮಣ್ಣಿನಲ್ಲಿ ಹೂತಿತ್ತು. ಕೈಯಿಂದ ಬಗೆದು ಬಿಡಿಸಿದಳು. ಸ್ಪ್ರಿಂಗಿನ ಎರಡು ಕಣ್ಣುಗಳಲ್ಲಿ ಹಗ್ಗ ತೂರಿಸಿ, ಒಂದು ತುದಿಗೆ ಕುಣಿಕೆ ಹಾಕಿ ಪಾದ ಸಿಗಿಸಿ, ಇನ್ನೊಂದು ತುದಿ ಹಿಡಿದು ಬೆನ್ನು ಬಾಗಿಸಿ ಜಗ್ಗಿದಳು. ಕಬ್ಬಿಣ ಕದಲಲಿಲ್ಲ. ಅಂಗೈ ಸುಲಿಯಿತು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಬಾವಿಯಿಂದ ನೀರೆಳೆಯುವವಳ ಹಾಗೆ ಮೈಭಾರವನ್ನೆಲ್ಲ ಬಿಟ್ಟಳು. ಕಣ್ಣುಗಳು ಕಿರ್ ಎಂದು ಹತ್ತಿರ ಬಂದವು. ಉಸಿರು ಬಿಗಿಹಿಡಿದು ಹಗ್ಗ ಸುತ್ತಿ ಗಂಟು ಹಾಕಿದಳು. ನಾಯಿಯ ಹೊಟ್ಟೆ ಒಮ್ಮೆ ಉಬ್ಬಿತು. ಪೂರಾ ಒಂದು ಉಸಿರು ಎಳೆದುಕೊಂಡಿತ್ತು.

ಅದೇ ಹೊತ್ತಿಗೆ ದೂರದ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಶಹರಬಾನು ತಲೆಯೆತ್ತಿದಳು. ಬಸ್ಸು ನಿಂತದ್ದೂ ಕೇಳಿಸಿತು, ಗೇರು ಹಾಕಿ ಹೊರಟದ್ದೂ ಕೇಳಿಸಿತು. ಆಕೆ ತಲೆ ತಗ್ಗಿಸಿ ಎರಡನೆಯ ಸ್ಪ್ರಿಂಗಿಗೆ ಹಗ್ಗ ತೂರಿಸತೊಡಗಿದಳು.

ಎರಡನೆಯದು ಬಗ್ಗಿತು, ಆದರೆ ಕಟ್ಟುವಷ್ಟು ಹಗ್ಗ ಉಳಿದಿರಲಿಲ್ಲ. ಹಗ್ಗ ಬಿಟ್ಟರೆ ಚೌಕಟ್ಟು ಮತ್ತೆ ಮುಚ್ಚುತ್ತದೆ. ಹಿಡಿದುಕೊಂಡರೆ ನಾಯಿಯನ್ನು ಹೊರಗೆಳೆಯಲು ಕೈಯಿಲ್ಲ. ಮೂತಿ ಕಟ್ಟಿದ ನಾಯಿ ತಾನಾಗಿ ಹೊರಬರುವ ಸ್ಥಿತಿಯಲ್ಲಿರಲಿಲ್ಲ. ಆಕೆ ಗಂಟಲು ಹರಿಯುವಂತೆ ಕೂಗಿದಳು:

"ಕಾಕಾ! ನಿಮ್ಮ ಕತ್ರಿ ಅನ್ನಂಗಿಲ್ಲರಿ ನಾ! ಯಾರ ಮುಂದೂ ಅನ್ನಂಗಿಲ್ಲ! ಬಂದು ನಾಯೀನ್ನರ ಜಗ್ಗರಿ!"

ಜೋಳದ ಗರಿಗಳು ಸರಸರ ಎಂದವು. ಬಾಬಣ್ಣ ಬಹಳ ದೂರವೇನೂ ಇರಲಿಲ್ಲ. ಅಷ್ಟು ಹೊತ್ತೂ ಜೋಳದ ಸಾಲಿನ ಮರೆಯಲ್ಲಿ ನಿಂತು ನೋಡುತ್ತಿದ್ದ. ಬಂದು, ನಾಯಿಯ ಮುಂಗಾಲುಗಳ ಕೆಳಗೆ ಕೈ ಹಾಕಿ ಮೆಲ್ಲಗೆ ಹೊರಗೆಳೆದ. ಶಹರಬಾನು ಹಗ್ಗ ಬಿಟ್ಟಳು. ಕತ್ತರಿ ಖಡ್ ಎಂದು ಮುಚ್ಚಿಕೊಂಡಿತು. ಆ ಸಪ್ಪಳಕ್ಕೆ ಮೂವರೂ ಬೆಚ್ಚಿದರು.

ನಾಯಿ ಏಳಲು ನೋಡಿತು. ಮುಂಗಾಲು ನಿಂತವು, ಹಿಂಗಾಲು ನಿಲ್ಲಲಿಲ್ಲ.

"ನಡಾ ಹೋಗೈತಿ" ಎಂದ ಬಾಬಣ್ಣ. "ಇಷ್ಟ ಮಾಡಿದ್ದು ದಂಡ ಆತು ನೋಡು."

"ಬಾದಾಮಿಗೆ ಒಯ್ತೇನಿ. ದನದ ದವಾಖಾನಿಗೆ."

ಬಾಬಣ್ಣ ಆಕೆಯನ್ನೇ ನೋಡಿದ. ಮಣ್ಣು ಮೆತ್ತಿದ ಇಳಕಲ್ ಸೀರೆ, ಸುಲಿದ ಅಂಗೈ. ಗುಡಿಸಲಿಗೆ ಹೋಗಿ ಗೋಣಿತಟ್ಟು ತಂದ. ಸೈಕಲ್ಲಿನ ಕ್ಯಾರಿಯರ್ ಮೇಲೆ ನಾಯಿಯನ್ನು ತಟ್ಟಿನಲ್ಲಿ ಮಲಗಿಸಿ ತಾನೇ ರಸ್ತೆಯವರೆಗೆ ತಳ್ಳಿಕೊಂಡು ಬಂದ. ದಾರಿಯುದ್ದಕ್ಕೂ ಆತ ಆಡಿದ್ದು ಒಂದೇ ಮಾತು: "ನನ್ನ ಹೆಸರ ತಗೀಬ್ಯಾಡ ತಂಗಿ."

ಬಾದಾಮಿಗೆ ಹೊರಟಿದ್ದ ಟೆಂಪೊ ಸಿಕ್ಕಿತು. ಅದರ ಡ್ರೈವರ್ ಜಹಾಂಗೀರ ತಟ್ಟನ್ನು ಸರಿಸಿ ನೋಡಿ, "ಇದು ನಿಮ್ಮೂರ ಸೋಮಲಿಂಗನ ಬಿಜಲಿ ಅಲ್ಲೇನ್ರಿ? ಮೊಲ ಹಿಡಿಯೂದ್ರಾಗ ಇದರ ಮುಂದ ಮತ್ತೊಂದ ನಾಯಿ ಇಲ್ಲ" ಎಂದ. ನಾಯಿಗೆ ಒಂದು ಹೆಸರಿದೆ ಎಂದು ಶಹರಬಾನುವಿಗೆ ಗೊತ್ತಾದದ್ದು ಆಗಲೇ.

ದವಾಖಾನೆಯ ಡಾಕ್ಟರು ಬೆನ್ನು ಸವರಿ, ಕಾಲು ಚಿವುಟಿ, ಹೊಟ್ಟೆ ಒತ್ತಿ ನೋಡಿದರು. ಎಲುಬು ಮುರಿದಂತೆ ಕಾಣುವುದಿಲ್ಲ, ಒಳಗೆ ಬಾವು ಬಂದಿದೆ ಎಂದರು. ಇಂಜೆಕ್ಷನ್ ಚುಚ್ಚಿದರು. "ನಾಳಿ ಸಂಜಿ ಮಟಾ ನೋಡ್ರಿ. ಉಚ್ಚಿ ಹೊಯ್ತಂದ್ರ ಉಳಿತೈತಿ. ಇಲ್ಲಾಂದ್ರ ಆಸೆ ಬಿಡ್ರಿ. ಅಲುಗಾಡಿಸಬ್ಯಾಡ್ರಿ, ಹತ್ತರ ಯಾರರ ಇರ್ರಿ."

ಮನೆಗೆ ಬಂದಾಗ ಕಾಸಿಂಬಿ ಹೊಸ್ತಿಲಲ್ಲೇ ತಡೆದಳು. "ಒಳಗ ತರಬ್ಯಾಡ. ನಾ ನಮಾಜ ಮಾಡೂ ಜಾಗಾ." ಆಮೇಲೆ ತಟ್ಟಿನೊಳಗೆ ಇಣುಕಿದಳು. ನಾಯಿಯ ಮೂತಿಗೆ ಖಣ ಇನ್ನೂ ಹಾಗೇ ಸುತ್ತಿತ್ತು, ಸಡಿಲಾಗಿ. ಕಾಸಿಂಬಿ ಹಿತ್ತಲ ಆಡಿನ ಚಪ್ಪರದ ಕೆಳಗೆ ಹುಲ್ಲು ಹಾಸಿದಳು. "ಬಾಯಿಲ್ಲದ ಜೀವ. ನೀರ ಕೊಟ್ರ ಸವಾಬು, ಪುಣ್ಯ ಬರ್ತೈತಿ. ಆದ್ರ ಒಳಗ ಬ್ಯಾಡ" ಎಂದಳು. ನೀರಿನ ಹರವಿ ತಂದಿಟ್ಟವಳೂ ಅವಳೇ.

ಆ ಸಂಜೆಯೇ ಶಹರಬಾನು ಸೋಮಲಿಂಗನಿಗೆ ಹೇಳಿ ಕಳಿಸಿದಳು. ನಲವತ್ತರ ಆಳು, ಒಂದು ಕಾಲಕ್ಕೆ ಮಗ್ಗದಲ್ಲಿ ಕೂತಿದ್ದವ. ಈಗ ಹೆಂಡತಿ ಬನಶಂಕರಿ ಗುಡಿಯ ಮುಂದೆ ರೊಟ್ಟಿ ಮಾರುತ್ತಿದ್ದಳು, ಆತ ನಾಯಿಯ ಹಿಂದೆ ಗುಡ್ಡ ತಿರುಗುತ್ತಿದ್ದ. ಬಂದವನು ಹಿತ್ತಲ ಗೋಡೆಯ ಆಚೆಯೇ ನಿಂತ.

"ಸೋಮಣ್ಣ, ನಿನ್ನ ಬಿಜಲಿ ನೋಡು."

ಆ ಹೆಸರಿಗೆ ನಾಯಿಯ ಕಿವಿ ನಿಮಿರಿತು. ಸೋಮಲಿಂಗ ಕೆಮ್ಮಿದ. ಆ ಕೆಮ್ಮು ಕೇಳಿದ್ದೇ ನಾಯಿ ಮುಂಗಾಲಿನಲ್ಲಿ ಮೈ ಎಳೆದುಕೊಂಡು, ಹಿಂದಿನ ಅರ್ಧ ದೇಹವನ್ನು ಹಸಿ ಬಟ್ಟೆಯಂತೆ ನೆಲಕ್ಕೆ ಉಜ್ಜುತ್ತ, ಗೋಡೆಯ ಕಡೆಗೆ ತೆವಳತೊಡಗಿತು.

"ನಂದಲ್ಲವಾ ಅದು" ಎಂದ ಸೋಮಲಿಂಗ.

"ಏನಂದಿ?"

"ನಂದಲ್ಲ. ನಮ್ಮದು... ನಮ್ಮದು ಕಳಕೊಂಡು ಭಾಳ ದಿನ ಆತು. ಇದು ಬ್ಯಾರೆ."

"ನೀ ಸುಳ್ಳ ಹೇಳಬಹುದು ಸೋಮಣ್ಣ. ನಾಯಿ ಸುಳ್ಳ ಹೇಳ್ತೈತೇನು? ನೋಡಲ್ಲೆ, ಹೆಂಗ ಬರಾಕತ್ತೈತಿ!"

ಸೋಮಲಿಂಗ ನೋಡಲಿಲ್ಲ. ಮೊಲ ಹೊಡೆಯುವವರ ಮೇಲೆ ಕೇಸು ಹಾಕುತ್ತಾರೆಂದು ಊರಲ್ಲಿ ಗುಲ್ಲಿತ್ತು. ನಾಯಿ ತನ್ನದೆಂದರೆ, ಅದು ಆ ಬೇಲಿಗೆ ಹೇಗೆ ಹೋಯಿತೆಂದು ಹೇಳಬೇಕಾಗುತ್ತಿತ್ತು. ಅಲ್ಲದೆ ನಡು ಬಿದ್ದ ಬೇಟೆನಾಯಿಯಿಂದ ಆತನಿಗೆ ಏನಾಗಬೇಕಿತ್ತು? ಆತ ಮೆಲ್ಲಗೆ ಸರಿದು ಹೋದ. ನಾಯಿ ಗೋಡೆಯ ಬುಡ ಮುಟ್ಟಿ, ಅಲ್ಲಿಯೇ ಮೂತಿ ಇಟ್ಟು ಮಲಗಿತು. ಶಹರಬಾನು ಅದನ್ನು ಎತ್ತಿ ತಂದು ಹುಲ್ಲಿನ ಮೇಲೆ ಹಾಕುವಾಗ ಹೆದರಿಕೆಯನ್ನು ಮರೆತೇ ಬಿಟ್ಟಿದ್ದಳು, ಸಿಟ್ಟಿನಲ್ಲಿದ್ದಳು.

ಶುಕ್ರವಾರ ಬೆಳಗಾಯಿತು. ನಾಯಿ ನೀರು ಕುಡಿದಿತ್ತು, ಬೇರೇನೂ ಇಲ್ಲ. ಶಹರಬಾನು ಚಪ್ಪರಕ್ಕೂ ಬೀದಿ ಬಾಗಿಲಿಗೂ ಎಷ್ಟು ಸಲ ತಿರುಗಿದಳೋ. ಈಗ ಹೊರಟರೂ ನಮಾಜಿನ ಹೊತ್ತಿಗೆ ಇಳಕಲ್ಲು ಮುಟ್ಟಬಹುದು. ಕೊನೆಗೆ ತಡೆಯಲಾರದೆ ಬೇರೆ ಸೀರೆ ಉಟ್ಟು, ಗಂಟು ಹೆಗಲಿಗೇರಿಸಿಯೇ ಬಿಟ್ಟಳು.

"ಎಲ್ಲಿಗೆ?" ಎಂದಳು ಕಾಸಿಂಬಿ.

"ಇಳಕಲ್ಲಿಗೆ, ಅವ್ವಾ. ಅವರು ಬಂದಾರಂತ."

ಕಾಸಿಂಬಿ ಜಪಮಣಿ ಕೆಳಗಿಟ್ಟಳು. "ನನಗ ನಿನ್ನೆನ ಗೊತ್ತಾತು, ಸೀರಿ ನೋಡಿದಕೂಡ್ಲೆ. ಹೋಗು. ನಾಯಿ ನಾ ನೋಡ್ತೇನಿ."

"ನೀ ಮುಟ್ಟಂಗಿಲ್ಲ."

"ಮುಟ್ಟಿ ಕೈ ತೊಳಕೋತೇನಿ. ಹೋಗು ನೀ."

ಶಹರಬಾನು ಬಾಗಿಲವರೆಗೆ ಹೋದಳು. ಹಿತ್ತಲಿನಿಂದ ನಾಯಿ ಕೂಗಿತು. ಬೇಲಿಯಲ್ಲಿ ಕೇಳಿದ್ದ ಅದೇ ದನಿ. ಓಡಿ ಬಂದು ನೋಡಿದರೆ ಅದು ಮುಂಗಾಲೂರಿ ಏಳಲು ಹೆಣಗುತ್ತಿತ್ತು. ಹಿಂಗಾಲೊಂದು ಅಷ್ಟಿಷ್ಟು ಕದಲಿತು. ಹಾಗೆ ಹೆಣಗುತ್ತಲೇ ಅದು ಹುಲ್ಲಿನ ಮೇಲೆ ಉಚ್ಚೆ ಹೊಯ್ದಿತು. ಬಹಳ ಹೊತ್ತು ಹೊಯ್ದಿತು. ರಕ್ತ ಬೆರೆತ ಕೆಂಚು ಉಚ್ಚೆ ಹುಲ್ಲಿನಡಿಯಿಂದ ಹರಿದು ಶಹರಬಾನುವಿನ ಚಪ್ಪಲಿ ಮುಟ್ಟಿತು.

"ಅವ್ವಾ, ಹೊಯ್ತು! ಹೊಯ್ತು ಅವ್ವಾ!" ಎಂದು ಆಕೆ ನಕ್ಕಳು. ನಗುತ್ತ ನಗುತ್ತ ಹೆಗಲ ಗಂಟು ಇಳಿಸಿ ಅಲ್ಲೇ ಕೂತಳು. ಉಚ್ಚೆ ಹೊಯ್ದರೆ ಸಂಜೆ ಇನ್ನೊಂದು ಇಂಜೆಕ್ಷನ್ನಿಗೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಬಸ್ಸಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ತಿಂಗಳ ಮೇಲೆ ಶಮಶಾದಬಿ ಯಾವುದೋ ಮದುವೆಗೆಂದು ಬಾದಾಮಿಗೆ ಬಂದವಳು ಮನೆಗೂ ಬಂದಳು. ನವೀದ ಬಂದದ್ದು ತನ್ನ ಪಾಲಿನ ಹಳೆಯ ಮಗ್ಗ ಮಾರಲಿಕ್ಕೆ. ಇಚಲಕರಂಜಿಯಲ್ಲಿ ಆತನಿಗೆ ಇನ್ನೊಂದು ಸಂಸಾರವಾಗಿದೆ, ಮಗುವೂ ಆಗಿದೆ. "ನಿನ್ನ ಹೆಸರ ತಗೀಲಿಲ್ಲವಾ ಬಾನು. ನೀ ಬಾಗಲಾಗ ಬಂದು ನಿಂತಿದ್ರ ಏನ ಅಂತಿದ್ದನೋ, ಆ ದೇವರ ಬಲ್ಲ" ಎಂದು ಶಮಶಾದಬಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಶಹರಬಾನು ಅಳಲಿಲ್ಲ. ಆ ಮಧ್ಯಾಹ್ನವೆಲ್ಲ ಹಿತ್ತಲಲ್ಲಿ ಗೋಡೆಯಿಂದ ಗೋಡೆಗೆ ತಿರುಗಿದಳು. ಚಪ್ಪರದ ಕೆಳಗಿನ ನಾಯಿಯ ತಲೆ ಆಕೆಯೊಂದಿಗೆ ಆ ಕಡೆ ಈ ಕಡೆ ಹೊರಳುತ್ತಿತ್ತು. ಬಿಸಿಲು ಇಳಿದಾಗ ಆಕೆ ಅದರ ನಡುವಿಗೆ ಹಳೆಯ ದುಪಟ್ಟಾ ಹಾಕಿ ಎತ್ತಿ ಹಿಡಿದು, "ನಡಿ, ನೀನರ ನಡಿ" ಎಂದಳು. ಅಂದು ಅದು ಬಾವಿಯವರೆಗೆ ನಡೆಯಿತು.

ಆ ಚಳಿಗಾಲವಿಡೀ ಶಹರಬಾನು ಊರು ಬಿಡಲಿಲ್ಲ. ಅದೊಂದು ಸೆರೆಯಂತೆಯೇ ಇತ್ತು. ಕೊಬ್ಬರಿ ಎಣ್ಣೆ ಹಚ್ಚಿ ಕಾಲು ತಿಕ್ಕುವುದು, ನುಚ್ಚು ಕುದಿಸಿ ಹಾಕುವುದು, ಬೆಳಿಗ್ಗೆ ಸಂಜೆ ದುಪಟ್ಟಾದಲ್ಲಿ ನಡೆಸುವುದು. ಕಾಯ್ದು ಕೂತ ಗಿರಾಕಿಗಳು ಬೇರೆಯವರ ಹತ್ತಿರ ಖಣ ತೆಗೆದುಕೊಂಡರು. ಎಷ್ಟೋ ಸಲ ಆಕೆ ನಾಯಿಗೆ ಬೈದಳು: "ನನ್ನ ಕಾಲ ಕಟ್ಟಿ ಹಾಕಿದೆಲ್ಲ ನೀ!" ಹೋಳಿಯ ಹೊತ್ತಿಗೆ ಬಿಜಲಿ ದುಪಟ್ಟಾ ಇಲ್ಲದೆ ನಡೆಯಿತು. ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಓಡಿತು. ನಡು ಸ್ವಲ್ಪ ವಾರೆಯಾಗಿತ್ತು, ಓಡುವಾಗ ಹಿಂದಿನ ಭಾಗ ಒಂದು ಕಡೆಗೆ ಎಳೆಯುತ್ತಿತ್ತು. ಆದರೂ ಆ ಓಟ ನೋಡಲು ಜನ ನಿಲ್ಲುತ್ತಿದ್ದರು.

ಸೋಮಲಿಂಗನೂ ನೋಡಿದ. ಒಂದು ದಿನ ಇಬ್ಬರನ್ನು ಜೊತೆಗೆ ಕರೆದುಕೊಂಡು ಬಂದ.

"ಬಾನಕ್ಕಾ, ಇಷ್ಟ ದಿನಾ ಚಲೋ ನೋಡಕೊಂಡಿ. ನನ್ನ ನಾಯಿ ನನಗ ಕೊಡು."

"ಅವತ್ತ ನಂದಲ್ಲ ಅಂದಿ?"

"ಅಂದಿದ್ದೆ. ಈಗ ಸರ್ಯಾಗಿ ನೋಡಿದ್ನಿ. ನಂದ."

ಮಾತಿಗೆ ಮಾತು ಬೆಳೆದು ಊರ ಹಿರಿಯರ ಮುಂದೆ ಹೋಯಿತು. ಬೇವಿನ ಗಿಡದ ಕಟ್ಟೆಯ ಮೇಲೆ ಹಿರಿಯರು ಕೂತರು; ಕೆಳಗೆ ಊರೇ ಕೂಡಿತು. ಸೋಮಲಿಂಗ ತಾನು ಈ ನಾಯಿಯನ್ನು ಮರಿಯಿದ್ದಾಗ ಮುಧೋಳದಿಂದ ತಂದದ್ದನ್ನು ಹೇಳಿದ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹಿರಿಯರು ಶಹರಬಾನುವನ್ನು ಕೇಳಿದರು: "ನಿನಗೆಲ್ಲಿ ಸಿಕ್ತವಾ ಇದು?"

ಆಕೆ ಬಾಯಿ ತೆರೆದಳು. ಜನರ ನಡುವೆ ಹಿಂದೆ, ಪಟಕಾ ಸುತ್ತಿದ ಬಾಬಣ್ಣ ನಿಂತಿದ್ದ. ಆ ದಿನ ಬನಶಂಕರಿ ಗುಡಿಗೆಂದು ಬಂದಿದ್ದನೋ ಏನೋ. 'ಯಾರ ಮುಂದೂ ಅನ್ನಂಗಿಲ್ಲ' ಎಂದು ಆಕೆ ಮಾತು ಕೊಟ್ಟಿದ್ದಳು.

"ಹೊಲದ ಹಾದ್ಯಾಗ ಸಿಕ್ತ್ರಿ" ಎಂದಳು.

"ಯಾರ ಹೊಲ? ಏನಾಗಿತ್ತು ಅದಕ್ಕ?"

"ನಡಾ ಪೆಟ್ಟಾಗಿತ್ರಿ."

"ಹೆಂಗ ಪೆಟ್ಟಾಗಿತ್ತು?"

ಆಕೆ ಬಾಬಣ್ಣನ ಕಡೆಗೊಮ್ಮೆ ನೋಡಿ ತಲೆ ತಗ್ಗಿಸಿದಳು. ಸೋಮಲಿಂಗನಿಗೆ ಧೈರ್ಯ ಬಂತು. "ನೋಡ್ರಿ, ಹೇಳಾಕ ಆಗವಲ್ದು. ಓಣ್ಯಾಗ ತಿರಗೂ ನಾಯಿ ಹಿಡದ ಕಟ್ಟಿಕೊಂಡಾಳ, ಅಷ್ಟ."

ಕೆಲವರು ನಕ್ಕರು. ಶಹರಬಾನುವಿನ ಮುಖ ಕೆಂಪೇರಿತು. ಕಾಲು ಅಲ್ಲಿಂದ ಹೊರಟುಬಿಡು ಎನ್ನುತ್ತಿತ್ತು. ಆಗ ಹಿಂದಿನಿಂದ ಬಾಬಣ್ಣ ಜನರನ್ನು ಸರಿಸಿಕೊಂಡು ಮುಂದೆ ಬಂದ. ಪಟಕಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಕತ್ರಿ ನಂದರಿ" ಎಂದ.

ಯಾರಿಗೂ ತಿಳಿಯಲಿಲ್ಲ.

"ಹಂದಿಗಂತ ಬೇಲ್ಯಾಗ ಕತ್ರಿ ಇಟ್ಟಾವ ನಾ. ಅದರಾಗ ಈ ನಾಯಿ ನಡಕ ಸಿಕ್ಕಿತ್ತು. ಈ ಹೆಣ್ಣಮಗಳು ನನ್ನ ಕರದ್ಲು, ನಂದಲ್ಲ ಅಂದ್ನಿ. ಆಕಿ ಒಬ್ಬಾಕೀನ ಬಿಡಿಸಿದ್ಲು. ಹಗ್ಗ ಹೆಗಲಿಗೆ ಹಾಕ್ಕೊಂಡು ಎತ್ತು ಜಗ್ಗಿದಂಗ ಜಗ್ಗಿದ್ಲು. ನಾ ಜ್ವಾಳದಾಗ ಅಡಿಗಿ ನಿಂತು ನೋಡಿದ್ನಿ. ಕೇಸ್ ಹಾಕ್ತೀರೋ, ದಂಡಾ ಹಾಕ್ತೀರೋ, ಹಾಕ್ರಿ. ನನಗ ಸಾಕಾಗೈತಿ." ಆತ ಸೋಮಲಿಂಗನ ಕಡೆ ತಿರುಗಿದ. "ಅವತ್ತ ನಸಕಿನ್ಯಾಗ ನಾಯಿ ಒದರಿದಾಗ ಬೇಲಿ ಆಚಿ ಒಬ್ಬಾಂವ ಓಡಿ ಹೋದ. ಯಾರಂತ ನಾ ಹೇಳಂಗಿಲ್ಲ. ಅವನ ಹೇಳ್ಲಿ."

ಸೋಮಲಿಂಗ ನೆಲ ನೋಡಿದ, ಬೇವಿನ ಗಿಡ ನೋಡಿದ, ಕೊನೆಗೆ ನಾಯಿಯನ್ನು ನೋಡಿದ. ಅದು ಶಹರಬಾನುವಿನ ಕಾಲ ಹತ್ತಿರ ನಿಂತು, ಆತನಿಗೇ ಬಾಲ ಆಡಿಸುತ್ತಿತ್ತು. ಅದನ್ನು ತಡೆಯಲಾರದೆ ಆತ ಮುಖ ತಿರುಗಿಸಿದ.

"ಇಟಕೊಳ್ಳಲಿ ಬಿಡ್ರಿ" ಎಂದು ಗೊಗ್ಗರು ದನಿಯಲ್ಲಿ ಹೇಳಿ ಜನರ ನಡುವೆ ದಾರಿ ಮಾಡಿಕೊಂಡು ಹೋದ.

ಬಾಬಣ್ಣನಿಗೆ ಹಿರಿಯರು ಕತ್ತರಿ ಕಿತ್ತು ಹೊಳೆಗೆ ಹಾಕಲು ಹೇಳಿದರು. ಆತ ಅದನ್ನು ಕಮ್ಮಾರನಿಗೆ ಕೊಟ್ಟು ಕುಡುಗೋಲು ಮಾಡಿಸಿಕೊಂಡ. ಹಂದಿಗಳು ಆ ವರ್ಷ ಅರ್ಧ ಹೊಲ ಮೇಯ್ದವು. ರಾತ್ರಿಯೆಲ್ಲ ಡಬ್ಬಿ ಬಾರಿಸುತ್ತ ಕಾಯಬೇಕಾಗುತ್ತದೆ ಎಂದು ಸಿಕ್ಕಸಿಕ್ಕವರ ಮುಂದೆ ಬೈದುಕೊಂಡ.

ಮಳೆಗಾಲದ ಮೊದಲ ವಾರ ಶಹರಬಾನು ಮತ್ತೆ ಗಂಟು ಹೆಗಲಿಗೇರಿಸಿದಳು. ಬಸ್ಸಿನವರು ನಾಯಿ ಹತ್ತಿಸಿಕೊಳ್ಳುವುದಿಲ್ಲ, ಹಾಗಾಗಿ ನಡೆದು ಮುಟ್ಟುವ ಊರುಗಳನ್ನಷ್ಟೇ ಹಿಡಿದಳು. ಹಳ್ಳಿಯ ಹೆಣ್ಣುಮಕ್ಕಳು ಮೊದಲು ನಾಯಿಯ ಕಥೆ ಕೇಳುತ್ತಿದ್ದರು, ಆಮೇಲೆ ಖಣ ನೋಡುತ್ತಿದ್ದರು. ಬಿಜಲಿಯೂ ಒಂದೆಡೆ ಕೂಡುವ ಜಾತಿಯದಲ್ಲ. ಆಕೆ ಎರಡು ಮಾತು ಹೆಚ್ಚಿಗೆ ಆಡಿದರೆ ಓಣಿಯ ತುದಿಗೆ ಹೋಗಿ ತಿರುಗಿ ನೋಡುತ್ತಿತ್ತು.

ಊರು ಬಿಡುವಾಗ ಸೋಮಲಿಂಗನ ಮನೆ ದಾಟಿಯೇ ಹೋಗಬೇಕು. ಪ್ರತಿ ಸಲ ಬಿಜಲಿ ಆ ಬಾಗಿಲ ಮುಂದೆ ನಿಲ್ಲುತ್ತಿತ್ತು. ಒಳಗೆ ಆತನಿದ್ದರೂ ಹೊರಗೆ ಬರುತ್ತಿರಲಿಲ್ಲ. ಶಹರಬಾನು ಎಳೆಯುತ್ತಲೂ ಇರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಆ ಕಾಲಿನಿಂದ ಈ ಕಾಲಿಗೆ ಭಾರ ಬದಲಿಸುತ್ತ ನಿಲ್ಲುತ್ತಿದ್ದಳು. ಶ್ರಾವಣದ ಒಂದು ಬೆಳಿಗ್ಗೆ ಬಾಗಿಲು ತೆರೆಯಿತು. ಸೋಮಲಿಂಗ ಕೈಯಲ್ಲಿ ಅರ್ಧ ಜೋಳದ ರೊಟ್ಟಿ ಹಿಡಿದು ನಿಂತಿದ್ದ.

"ಹಾಕ್ಲೇನು ಬಾನಕ್ಕಾ?"

"ನನ್ನ ಯಾಕ ಕೇಳ್ತಿ? ಅದನ್ನ ಕೇಳು."

ಸೋಮಲಿಂಗ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತ. ರೊಟ್ಟಿ ಮುರಿದು ಅಂಗೈಯಲ್ಲಿ ಚಾಚಿದ. ಶಹರಬಾನುವಿಗೆ ಅದನ್ನು ನೋಡುತ್ತ ನಿಲ್ಲುವ ತಾಳ್ಮೆ ಇರಲಿಲ್ಲ. ಮೋಡ ಕವಿದಿತ್ತು, ಹೊಳೆಯಾಚೆಯ ಊರಿನಲ್ಲಿ ಸೀಮಂತದ ಖಣಕ್ಕೆ ಹೇಳಿದ್ದರು. ಆಕೆ ಗಂಟು ಸರಿಮಾಡಿಕೊಂಡು ಹೊರಟಳು. ಊರ ಅಗಸಿ ಬಾಗಿಲು ದಾಟುವ ಹೊತ್ತಿಗೆ ಹಿಂದಿನಿಂದ ವಾರೆ ಓಟದ ಸಪ್ಪಳ ಕೇಳಿಸಿತು. ಬಿಜಲಿ ಆಕೆಯನ್ನು ಹಾಯ್ದು ಮುಂದಕ್ಕೆ ಹೋಯಿತು.